ಉಕ್ತಲೇಖನ ಪರೀಕ್ಷೆಯ ಸಂಕ್ಷೇಪ

ಪಾಠಶಾಲೆಯ ಮೆಟ್ಟಿಲನ್ನು ಹತ್ತಿದ ಯಾರಿಗೂ ಉಕ್ತಲೇಖನವೆಂಬ ಶಬ್ದವು ಅಪರಿಚಿತವಲ್ಲ. ಉಪಾಧ್ಯಾಯರು ಒಂದೊಂದಾಗಿ ಶಬ್ದಗಳನ್ನು ಹೇಳುವುದು, ಬಾಲಕರು ಅವುಗಳನ್ನು ಸ್ಲೇಟಿನ ಮೇಲೆ ಬರೆಯುವುದು, ಬಳಿಕ ತಪ್ಪುಗಳನ್ನು ಎಣಿಸಿ ತಿದ್ದುವುದು, ಇಷ್ಟೇ ಅದರ ವಿಧಾನ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ತಾತನೂ ಮೊಮ್ಮಗನೂ ಸಮಾನವಾಗಿ ಅನುಭವಿಸಿದ ಶಾಲಾಭ್ಯಾಸಗಳಲ್ಲಿ ಇದೂ ಒಂದು. ಆದರೆ ಈ ಸಾಮಾನ್ಯ ಅಭ್ಯಾಸಕ್ಕೆ ಶಾಲೆಯ ಗೋಡೆಗಳ ಹೊರಗೂ ಒಂದು ಚರಿತ್ರೆಯುಂಟು. ಪಾರ್ಶ್ವವಾಯು ಬಡಿದವರನ್ನೂ, ತಲೆಗೆ ಪೆಟ್ಟು ಬಿದ್ದವರನ್ನೂ, ಎಷ್ಟು ಶ್ರಮಪಟ್ಟರೂ ಓದುಬರಹ ಹತ್ತದ ಮಕ್ಕಳನ್ನೂ ಪರೀಕ್ಷಿಸುವ ವೈದ್ಯಶಾಲೆಗಳಲ್ಲಿ ಇದೇ ಉಕ್ತಲೇಖನವು ಮಿದುಳಿನ ಸ್ಥಿತಿಯನ್ನು ಅರಿಯುವ ಸಾಧನವಾಗಿದೆ. ಅಲ್ಲಿ ಹುಟ್ಟಿದ ಒಂದು ಪ್ರಶ್ನೆಯು ನೂರು ವರ್ಷಗಳಿಂದ ವಿದ್ವಾಂಸರನ್ನು ಕಾಡುತ್ತ ಬಂದಿದೆ. ಎಷ್ಟು ಶಬ್ದಗಳನ್ನು ಬರೆಯಿಸಿದರೆ ಸಾಕು? ನಲವತ್ತು ಶಬ್ದಗಳಿಂದ ತಿಳಿಯುವುದನ್ನು ಹತ್ತೇ ಶಬ್ದಗಳಿಂದ ತಿಳಿಯಬಹುದೆ? ಈ ಪ್ರಶ್ನೆಯ ಪೂರ್ವೋತ್ತರಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶುದ್ಧವಾಗಿ ಬರೆಯಬೇಕೆಂಬ ಕಾಳಜಿಯಾಗಲಿ, ಅದಕ್ಕಾಗಿ ಶಬ್ದಗಳ ಪಟ್ಟಿಯನ್ನು ಮಾಡುವ ಪದ್ಧತಿಯಾಗಲಿ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ, ಸುಮಾರು 1260ರಲ್ಲಿ, ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಳಕಾರದ ಭೇದಗಳನ್ನು ವಿವರಿಸುತ್ತ, ಯಾವ ಯಾವ ಶಬ್ದಗಳಲ್ಲಿ ೞಕಾರವಿರಬೇಕೆಂಬುದನ್ನು ಒಟ್ಟುಮಾಡಿ ಹೇಳಿದ್ದಾನೆ. ಆ ವೇಳೆಗೆ ಜನರ ಬಾಯಲ್ಲಿ ಆ ಅಕ್ಷರವು ಸಡಿಲವಾಗುತ್ತಿದ್ದುದರಿಂದಲೇ ಪಟ್ಟಿಯು ಅವಶ್ಯವಾಯಿತೆಂದು ತಿಳಿಯಬಹುದು. ಕಿವಿಯು ಭೇದವನ್ನು ತಿಳಿಸದಿದ್ದಾಗ ಸ್ಮೃತಿಯೇ ತಿಳಿಸಬೇಕು. ಕಾಲಾಂತರದಲ್ಲಿ ೞಕಾರ ಱಕಾರಗಳೆರಡೂ ಬಳಕೆಯಿಂದ ತಪ್ಪಿಹೋದುವು. ಆದ್ದರಿಂದ ಅಂದು ವಿದ್ವಾಂಸನ ಲಕ್ಷಣವಾಗಿದ್ದ ಆ ಶಬ್ದಗಳಿಂದ ಇಂದಿನ ಬಾಲಕನನ್ನು ಪರೀಕ್ಷಿಸಿದರೆ ಅನ್ಯಾಯವಾಗುವುದು. ಶಬ್ದಗಳ ಪಟ್ಟಿಗೂ ಒಂದು ಕಾಲ, ಒಂದು ದೇಶ ಎಂಬುದುಂಟು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವು ತಿಳಿಯುವುದು.

ಶಬ್ದಗಳ ಪಟ್ಟಿಯನ್ನು ಅಳತೆಗೋಲಾಗಿ ಮಾಡಿದ ಕೆಲಸವು ಅಮೆರಿಕದಲ್ಲಿ ಆರಂಭವಾಯಿತು. ಜೋಸೆಫ್ ಮೇಯರ್ ರೈಸ್ ಎಂಬ ವೈದ್ಯನು ಅನೇಕ ನಗರಗಳ ಶಾಲೆಗಳಲ್ಲಿ ಸಾವಿರಾರು ಮಕ್ಕಳಿಂದ ಶಬ್ದಗಳನ್ನು ಬರೆಯಿಸಿ, ತನ್ನ ನಿರ್ಣಯವನ್ನು 1897ರಲ್ಲಿ ಪ್ರಕಟಿಸಿದನು. ಪ್ರತಿದಿನವೂ ಬಹಳ ಹೊತ್ತು ಶಬ್ದಗಳನ್ನು ಉರುಹೊಡೆಸುತ್ತಿದ್ದ ಶಾಲೆಗಳ ಮಕ್ಕಳು, ಹತ್ತು ಹದಿನೈದು ನಿಮಿಷಗಳಲ್ಲಿ ಪಾಠವನ್ನು ಮುಗಿಸುತ್ತಿದ್ದ ಶಾಲೆಗಳ ಮಕ್ಕಳಿಗಿಂತ ಮೇಲಾಗಿರಲಿಲ್ಲವೆಂಬುದು ಆ ನಿರ್ಣಯ. ಉಪಾಧ್ಯಾಯವರ್ಗದಲ್ಲಿ ಇದರಿಂದ ಕೋಲಾಹಲವೇ ಆಯಿತು. 1915ರಲ್ಲಿ ಲೆನಾರ್ಡ್ ಏರ್ಸ್ ಎಂಬಾತನು ಹೆಚ್ಚು ಬಳಕೆಯಲ್ಲಿರುವ 1000 ಶಬ್ದಗಳನ್ನು ಆರಿಸಿ, 84 ನಗರಗಳ ಸುಮಾರು 70,000 ಮಕ್ಕಳ ಬರಹವನ್ನು ಪರಿಶೀಲಿಸಿ, ಪ್ರತಿಯೊಂದು ಶಬ್ದವೂ ಎಷ್ಟು ಕಠಿನವೆಂಬುದನ್ನು ಗೊತ್ತುಮಾಡಿದನು. ಸಮಾನವಾದ ಕಾಠಿನ್ಯವುಳ್ಳ ಶಬ್ದಗಳು ಒಂದು ಗುಂಪಿನಲ್ಲಿದ್ದುದರಿಂದ, ಗುಂಪಿನ ಎಲ್ಲ ಶಬ್ದಗಳನ್ನೂ ಬರೆಯಿಸಬೇಕಾಗಿರಲಿಲ್ಲ. ಕೆಲವನ್ನು ಆರಿಸಿಕೊಂಡರೆ ಸಾಕಾಗಿತ್ತು. ಅನ್ನವು ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳನ್ನು ಹಿಸುಕಿ ನೋಡುವಂತೆಯೇ ಇದೂ ಸರಿ.

ಆದರೆ ಎಷ್ಟು ಅಗುಳು? ಇದಕ್ಕೆ ಗಣಿತದ ಉತ್ತರವು 1910ರಲ್ಲಿಯೇ ದೊರೆತಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್, ವಿಲಿಯಂ ಬ್ರೌನ್ ಎಂಬಿಬ್ಬರು ಅದೇ ವರ್ಷ ಬೇರೆ ಬೇರೆಯಾಗಿ ಒಂದು ಸೂತ್ರವನ್ನು ಹೇಳಿದರು. ಪರೀಕ್ಷೆಯನ್ನು ಎಷ್ಟು ಪಾಲು ಮೊಟಕುಮಾಡಿದರೆ ಅದರ ವಿಶ್ವಸನೀಯತೆ ಎಷ್ಟು ಕುಗ್ಗುವುದೆಂಬುದನ್ನು ಅದು ತಿಳಿಸುತ್ತದೆ. ಒಬ್ಬನನ್ನೇ ಮತ್ತೊಮ್ಮೆ ಪರೀಕ್ಷಿಸಿದರೆ ಮೊದಲಿನ ಫಲವೇ ಬರುವುದೆಂಬ ಭರವಸೆಗೆ ವಿಶ್ವಸನೀಯತೆಯೆಂದು ಹೆಸರು. ಪೂರ್ಣ ಭರವಸೆಗೆ 1 ಎಂದು ಬೆಲೆ. 40 ಶಬ್ದಗಳ ಪರೀಕ್ಷೆಯೊಂದರ ವಿಶ್ವಸನೀಯತೆ 0.90 ಎಂದು ಇಟ್ಟುಕೊಂಡರೆ, ಅದೇ ಬಗೆಯ 20 ಶಬ್ದಗಳನ್ನು ಉಳಿಸಿಕೊಂಡಾಗ ಅದು 0.82 ಆಗುತ್ತದೆ, 10ನ್ನು ಉಳಿಸಿಕೊಂಡಾಗ 0.69ಕ್ಕೆ ಇಳಿಯುತ್ತದೆ. ಅರ್ಧ ಭಾರವನ್ನು ಇಳಿಸಿದಾಗ ಆಗುವ ನಷ್ಟವು ಸ್ವಲ್ಪ, ಮುಕ್ಕಾಲು ಭಾರವನ್ನು ಇಳಿಸಿದಾಗ ಆಗುವ ನಷ್ಟವು ಬಹಳ. ಅರ್ಧಮಾತ್ರೆಯನ್ನು ಉಳಿಸಿದರೂ ಹಿಗ್ಗುತ್ತಿದ್ದ ನಮ್ಮ ಪ್ರಾಚೀನ ವೈಯಾಕರಣರಿಗೆ ಈ ಲೆಕ್ಕವು ಪ್ರಿಯವಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೂತ್ರದ ಲಾಘವಕ್ಕೂ ಒಂದು ಎಲ್ಲೆಯುಂಟೆಂಬುದನ್ನು ಅವರೂ ಬಲ್ಲವರಾಗಿದ್ದರು. ಅರ್ಥವು ಸಂದಿಗ್ಧವಾಗುವಷ್ಟು ಸಂಕ್ಷೇಪಿಸಿದರೆ ಅದು ಗುಣವಲ್ಲ, ದೋಷ.

ಈ ಸ್ಪಿಯರ್‌ಮನ್ನನ ವಿದ್ಯೆಗೆ ಮೈಸೂರಿನೊಡನೆ ನೇರವಾದ ಸಂಬಂಧವಿದೆ. ಆತನ ಬಳಿ ಲಂಡನ್ನಿನಲ್ಲಿ ಅಭ್ಯಾಸಮಾಡಿದ ಎಂ. ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಬೆಳೆಸಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯೆಂಬ ಹೆಸರಿನಲ್ಲಿ ರೇಡಿಯೋ ಪ್ರಸಾರವನ್ನು ನಡೆಸಿದವರೂ ಇವರೇ. ಅತ್ತ ಉತ್ತರದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮರಾಠಿ ಮಕ್ಕಳಿಗೆ ಹೊಂದಿಸಿ, ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು. ಹೊರದೇಶದ ಪರೀಕ್ಷೆಯನ್ನು ಭಾಷಾಂತರಿಸಿದ ಮಾತ್ರಕ್ಕೆ ಸಾಲದು, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ಇಲ್ಲಿಯ ಪ್ರಮಾಣವನ್ನು ಕಂಡುಕೊಳ್ಳಬೇಕೆಂಬ ತತ್ತ್ವವನ್ನು ಆ ಗ್ರಂಥವು ಕನ್ನಡನಾಡಿನಲ್ಲಿ ನೆಲೆಗೊಳಿಸಿತು.

ವೈದ್ಯರು ಬರವಣಿಗೆಯ ಕಡೆಗೆ ತಿರುಗಿದ ಮಾರ್ಗವು ಬೇರೆ. ಮಾತನಾಡುವ ಶಕ್ತಿಯು ಮಿದುಳಿನ ಎಡಭಾಗದ ಒಂದು ನೆಲೆಯನ್ನು ಅವಲಂಬಿಸಿದೆಯೆಂದು ಫ್ರಾನ್ಸ್ ದೇಶದ ಬ್ರೋಕಾ 1861ರಲ್ಲಿ ತೋರಿಸಿದ ಮೇಲೆ, ಓದುವುದಕ್ಕೂ ಬರೆಯುವುದಕ್ಕೂ ಅಂಥ ನೆಲೆಗಳುಂಟೇ ಎಂಬ ಶೋಧನೆಯು ನಡೆಯಿತು. ಬರವಣಿಗೆಗೆ ಪ್ರತ್ಯೇಕ ಸ್ಥಾನವೊಂದಿದೆಯೆಂದು ವಿಯೆನ್ನಾದ ಎಕ್ಸ್‌ನರ್ 1881ರಲ್ಲಿ ಊಹಿಸಿದನು. ಡೆಜೆರೀನ್ ಎಂಬ ಫ್ರೆಂಚ್ ವೈದ್ಯನು 1891ರಲ್ಲಿ ಓದುಬರಹಗಳೆರಡನ್ನೂ ಕಳೆದುಕೊಂಡ ಒಬ್ಬ ರೋಗಿಯನ್ನೂ, 1892ರಲ್ಲಿ ಓದನ್ನು ಮಾತ್ರ ಕಳೆದುಕೊಂಡ ಮತ್ತೊಬ್ಬನನ್ನೂ ವರ್ಣಿಸಿದನು. ಈ ಎರಡನೆಯವನ ಸ್ಥಿತಿಯು ವಿಚಿತ್ರವಾದುದು. ಹೇಳಿದುದನ್ನು ಅವನು ಬರೆಯಬಲ್ಲವನಾಗಿದ್ದನು. ಆದರೆ ತಾನೇ ಬರೆದುದನ್ನು ಓದಲಾರದವನಾಗಿದ್ದನು. ಇಂಥ ಭೇದವನ್ನು ಹೊರಗೆಡಹುವ ಸಾಧನವು ಉಕ್ತಲೇಖನವಲ್ಲದೆ ಮತ್ತಾವುದೂ ಅಲ್ಲ.

ಆದರೆ ಶಾಲೆಯ ಬಾಲಕನಿಗೂ ವೈದ್ಯಶಾಲೆಯ ರೋಗಿಗೂ ಮಹದಂತರವಿದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತವನು ಎಡಗೈಯಲ್ಲಿ ಬರೆಯಬೇಕು. ನಾಲ್ಕಾರು ಶಬ್ದಗಳಾಗುವಷ್ಟರಲ್ಲಿ ಆಯಾಸವಾಗುತ್ತದೆ. ಆಯಾಸದಿಂದ ಬಂದ ತಪ್ಪನ್ನು ರೋಗದಿಂದ ಬಂದ ತಪ್ಪೆಂದು ಎಣಿಸಿದರೆ ನಿರ್ಣಯವೇ ಕೆಡುವುದು. ಬರವಣಿಗೆಯಲ್ಲದೆ ಸ್ಮರಣೆ, ಅವಧಾನ, ಲೆಕ್ಕ, ಚಿತ್ರರಚನೆ ಮುಂತಾದುವನ್ನೂ ಪರೀಕ್ಷಿಸಬೇಕಾಗಿರುವುದರಿಂದ ಒಂದೊಂದಕ್ಕೂ ದೊರೆಯುವ ಕಾಲವು ಅಲ್ಪ. ಹೀಗೆ ಸಂಕ್ಷೇಪವು ಅನುಕೂಲಕ್ಕಾಗಿ ಮಾತ್ರವಲ್ಲ, ಕರುಣೆಗಾಗಿಯೂ ಸತ್ಯಕ್ಕಾಗಿಯೂ ಅವಶ್ಯವಾಯಿತು. ಅಮೆರಿಕದಲ್ಲಿ ಹಾಲ್‌ಸ್ಟೆಡ್, ವೆಪ್‌ಮನ್ ಎಂಬವರು 1949ರಲ್ಲಿ 51 ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು; ಅದನ್ನು ರೈಟನ್ ಎಂಬಾತನು 32ಕ್ಕೆ ಇಳಿಸಿದನು. ಅದರಲ್ಲಿ ಅಕ್ಷರಗಳನ್ನು ಬಿಡಿಸಿ ಹೇಳಬೇಕಾದ ಶಬ್ದಗಳು ಮೂರೇ: ಚೌಕ, ಶಿಲುಬೆ, ತ್ರಿಕೋಣ ಎಂಬರ್ಥದ ಇಂಗ್ಲಿಷ್ ಶಬ್ದಗಳು. ರೋಗಿಯು ಮೊದಲು ಆ ಆಕಾರಗಳನ್ನು ಬರೆದು ಬಳಿಕ ಅವುಗಳ ಹೆಸರನ್ನು ಬಿಡಿಸಿ ಹೇಳುತ್ತಿದ್ದನು. 1975ರಲ್ಲಿ ಫೋಲ್‌ಸ್ಟೀನ್ ಮೊದಲಾದವರು ಮಾಡಿದ ಮಾನಸಸ್ಥಿತಿ ಪರೀಕ್ಷೆಯಲ್ಲಿಯಂತೂ ಒಂದೇ ಶಬ್ದವು ಉಳಿಯಿತು. ಪ್ರಪಂಚವೆಂಬರ್ಥದ ‘ವರ್ಲ್ಡ್’ ಶಬ್ದದ ಐದು ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿದರೆ ಐದು ಅಂಕ. ಇದಕ್ಕಿಂತ ಚಿಕ್ಕದಾದ ಪರೀಕ್ಷೆಯು ಅಸಂಭವವೆಂದೇ ಹೇಳಬೇಕು.

ಇಲ್ಲಿ ಕನ್ನಡಿಗನ ಮುಂದೆ ಒಂದು ತೊಡಕು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಶಬ್ದವನ್ನು ‘ಸ್ಪೆಲ್’ ಮಾಡುವುದೆಂದರೆ ಅದರ ಅಕ್ಷರಗಳ ಹೆಸರುಗಳನ್ನು ಸಾಲಾಗಿ ಹೇಳುವುದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ; ಒಂದೊಂದು ಅಕ್ಷರವೂ ವ್ಯಂಜನಸ್ವರಗಳು ಕೂಡಿದ ಒಂದು ಪಿಂಡ. ‘ಪ್ರಪಂಚ’ ಎಂಬಲ್ಲಿ ಮೂರೇ ಅಕ್ಷರಗಳು. ಅವನ್ನು ತಿರುಗಿಸಿ ಹೇಳುವುದು ಬೇರೆಯೇ ಆದ ಕೆಲಸ. ಕನ್ನಡದಲ್ಲಿ ಬಿಡಿಸಿ ಹೇಳಬೇಕಾದರೆ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ ಎಂದು ಕಾಗುಣಿತದ ಚಿಹ್ನೆಗಳನ್ನು ಹೆಸರಿಸಬೇಕು. ಅದೂ ಶಾಲೆಯ ಪಾಠವನ್ನು ಮರೆಯದವರಿಗೆ ಮಾತ್ರ ಸಾಧ್ಯ. ಓದುಬರಹವನ್ನೇ ಅರಿಯದ ವೃದ್ಧರಿಗಾದರೋ ಈ ಪ್ರಶ್ನೆಯೇ ಸಲ್ಲದು. ಹರಿಯಾಣದ ಬಲ್ಲಭಗಢ ಪ್ರಾಂತದ ಹಳ್ಳಿಗಳಿಗಾಗಿ 1995ರಲ್ಲಿ ಪ್ರಕಟವಾದ ಹಿಂದೀ ಪರೀಕ್ಷೆಯಲ್ಲಿ ಇದಕ್ಕೆ ಬದಲಾಗಿ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಶಬ್ದವನ್ನು ಬಿಟ್ಟರೂ ಅದರ ಉದ್ದೇಶವಾದ ಅವಧಾನಪರೀಕ್ಷೆಯನ್ನು ಬಿಡಲಿಲ್ಲ.

ಎರಡನೆಯ ಭೇದವು ಇನ್ನೂ ಆಳವಾದುದು. ಇಂಗ್ಲಿಷಿನಲ್ಲಿ ಉಚ್ಚಾರಕ್ಕೂ ಬರಹಕ್ಕೂ ಹೊಂದಿಕೆಯಿಲ್ಲದ ಶಬ್ದಗಳು ಹೇರಳ. ಅವುಗಳನ್ನು ಕಿವಿಯ ಸಹಾಯದಿಂದ ಬರೆಯಲಾಗದು, ನೆನಪಿನಿಂದಲೇ ಬರೆಯಬೇಕು. ಆದ್ದರಿಂದ ಪಾಶ್ಚಾತ್ಯ ಪರೀಕ್ಷಕರು ಕ್ರಮಬದ್ಧವಾದ ಶಬ್ದ, ಕ್ರಮತಪ್ಪಿದ ಶಬ್ದ, ಅರ್ಥವೇ ಇಲ್ಲದ ಕೃತಕ ಶಬ್ದ ಎಂಬ ಮೂರು ವರ್ಗಗಳನ್ನು ಬರೆಯಿಸಿ, ಮಿದುಳಿನ ಯಾವ ಮಾರ್ಗವು ಕೆಟ್ಟಿದೆಯೆಂದು ಗುರುತಿಸುತ್ತಾರೆ. ಕನ್ನಡದಲ್ಲಿ ಎರಡನೆಯ ವರ್ಗವು ಇಲ್ಲವೆಂದೇ ಹೇಳಬಹುದು. ಇಲ್ಲಿಯ ಕಷ್ಟಗಳು ಬೇರೆ: ಹ್ರಸ್ವದೀರ್ಘಗಳು, ಅಲ್ಪಪ್ರಾಣ ಮಹಾಪ್ರಾಣಗಳು, ಸಜಾತೀಯ ವಿಜಾತೀಯ ಒತ್ತಕ್ಷರಗಳು, ಅನುಸ್ವಾರ, ಅರ್ಕಾವೊತ್ತು. ಅರ್ಕಾವೊತ್ತಿನಲ್ಲಿ ಮೊದಲು ಕೇಳಿಸುವ ರಕಾರವನ್ನು ಮುಂದಿನ ಅಕ್ಷರವಾದ ಮೇಲೆ ಬರೆಯಬೇಕಾಗುತ್ತದೆ. ಕಿವಿಯ ಕ್ರಮವೂ ಕೈಯ ಕ್ರಮವೂ ಅಲ್ಲಿ ಬೇರೆಯಾಗುತ್ತವೆ. ಬೆಂಗಳೂರು ಪ್ರಾಂತದ ಮಕ್ಕಳ ಕನ್ನಡ ಓದನ್ನು ಪರಿಶೀಲಿಸಿ 2007ರಲ್ಲಿ ಸೊನಾಲಿ ನಾಗ್ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಪೂರ್ಣ ಪರಿಚಯವು ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ಸಾಗುತ್ತದೆಂದು ತೋರಿಸಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಗಡುವನ್ನು ಕನ್ನಡದ ನೂರಾರು ಅಕ್ಷರರೂಪಗಳಿಗೆ ವಿಧಿಸಿದರೆ ನಿರ್ದೋಷಿಯಾದ ಮಗುವೂ ಮಂದನೆನಿಸುವುದು.

ಈ ವಿಷಯದಲ್ಲಿ ಕನ್ನಡನಾಡಿನ ಸಂಸ್ಥೆಗಳು ಸುಮ್ಮನಿರಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಹುಟ್ಟಿತು. ಕನ್ನಡ ಇಂಗ್ಲಿಷ್ ಎರಡನ್ನೂ ಬಲ್ಲ ಒಬ್ಬ ರೋಗಿಯಲ್ಲಿ ಓದುವ ಶಕ್ತಿ ಮಾತ್ರ ಲೋಪವಾದ ಪ್ರಸಂಗವನ್ನು ಪ್ರತಿಭಾ ಕಾರಂತರು 1981ರಲ್ಲಿ ವರ್ಣಿಸಿದರು. ಡೆಜೆರೀನನ ರೋಗಿಯ ಸೋದರನೊಬ್ಬನು ಕನ್ನಡ ಲಿಪಿಯಲ್ಲಿ ಕಾಣಿಸಿಕೊಂಡಂತಾಯಿತು. ಕನ್ನಡ ಮಕ್ಕಳಲ್ಲಿ ಓದುಬರಹದ ವಿಶೇಷ ತೊಡಕನ್ನು ಕುರಿತು ಎಸ್. ರಮಾ ಮತ್ತು ಸಂಗಡಿಗರ ಲೇಖನವು 1993ರಲ್ಲಿ ಹೊರಬಂದಿತು. ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು ಹಿಂದೀ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡಕ್ಕೂ ಹೊಂದಿಸಿದ ಪರೀಕ್ಷಾಮಾಲೆಯು 2015ರಲ್ಲಿ ಪ್ರಕಟವಾಯಿತು.

ಇನ್ನು ಸಂಕ್ಷೇಪದ ರೀತಿಯನ್ನು ಈ ಸೀಮೆಯ ಹೆಸರುಗಳಿಂದಲೇ ಉದಾಹರಿಸಬಹುದು. ತುಮಕೂರು ಎಂಬಲ್ಲಿ ಕೊಂಬು, ಕೊಂಬಿನ ದೀರ್ಘಗಳ ಭೇದವಿದೆ. ಗುಬ್ಬಿಯೆಂಬಲ್ಲಿ ಸಜಾತೀಯ ಒತ್ತಕ್ಷರವಿದೆ. ಕುಣಿಗಲ್ ಎಂಬಲ್ಲಿ ಮೂರ್ಧನ್ಯ ಣಕಾರವೂ ಸ್ವರವಿಲ್ಲದ ಅಂತ್ಯವ್ಯಂಜನವೂ ಇವೆ. ಬಿ. ಎಂ. ಶ್ರೀಕಂಠಯ್ಯನವರ ಜನ್ಮಸ್ಥಳವಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯು ಅನುಸ್ವಾರವನ್ನು ಕೊಡುತ್ತದೆ. ಸಿದ್ಧಗಂಗೆಯು ಮಹಾಪ್ರಾಣದ ಒತ್ತನ್ನೂ, ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರವು ಅರ್ಕಾವೊತ್ತನ್ನೂ ಕೊಡುತ್ತವೆ. ಹೀಗೆ ಆರು ಹೆಸರುಗಳಲ್ಲಿ ಕನ್ನಡ ಬರಹದ ಮುಖ್ಯವಾದ ಕಷ್ಟಗಳೆಲ್ಲ ಅಡಕವಾಗುತ್ತವೆ. ಪುನರುಕ್ತಿಯನ್ನು ತೊಡೆದು, ಒಂದೊಂದು ಕಷ್ಟಕ್ಕೂ ಒಂದೊಂದು ಸಾಕ್ಷಿಯನ್ನು ಇಟ್ಟುಕೊಳ್ಳುವುದೇ ಒಳ್ಳೆಯ ಸಂಕ್ಷೇಪದ ಮಾರ್ಗ.

ಆದರೂ ಈ ಆರು ಹೆಸರುಗಳ ಪಟ್ಟಿಯನ್ನು ವೈದ್ಯಶಾಲೆಯಲ್ಲಿ ಉಪಯೋಗಿಸಲಾಗದು. ಏಕೆಂಬುದನ್ನು ವಿಚಾರಿಸಿದರೆ ಸಂಕ್ಷೇಪದ ಅಪಾಯಗಳೂ ತಿಳಿಯುತ್ತವೆ. ಮೊದಲನೆಯದು, ಪರಿಚಯದ ದೋಷ. ಕುಣಿಗಲಿನವನು ತನ್ನ ಊರಿನ ಹೆಸರನ್ನು ಜನ್ಮದಲ್ಲಿ ಸಾವಿರಾರು ಸಲ ಬರೆದಿರುತ್ತಾನೆ. ಉಳಿದೆಲ್ಲ ಬರಹವು ಕೆಟ್ಟರೂ ಅದೊಂದು ಕೈಯಭ್ಯಾಸದಿಂದ ಉಳಿಯಬಹುದು. ಬೀದರಿನವನಿಗೆ ಅದೇ ಹೆಸರು ಹೊಸದು. ಉದ್ದವಾದ ಪಟ್ಟಿಯಲ್ಲಿ ಇಂಥ ಒಂದು ಶಬ್ದದ ಪಕ್ಷಪಾತವು ಉಳಿದವುಗಳಲ್ಲಿ ಕರಗಿಹೋಗುತ್ತದೆ, ಆರರಲ್ಲಿ ಕರಗುವುದಿಲ್ಲ.

ಎರಡನೆಯದು, ಆಡುನುಡಿಯ ದೋಷ. ಹಳಗನ್ನಡದ ಪಾಲು, ಪಳ್ಳಿಗಳು ನಡುಗನ್ನಡದ ಕಾಲದಲ್ಲಿ ಹಾಲು, ಹಳ್ಳಿಗಳಾದುವು. ಆ ಹಕಾರವೂ ಹಳೆಯ ಮೈಸೂರು ಸೀಮೆಯ ಗ್ರಾಮ್ಯಭಾಷೆಯಲ್ಲಿ ಬಿದ್ದುಹೋಗಿ ಆಲು, ಅಳ್ಳಿಗಳಾದುವು. ಮಹಾಪ್ರಾಣಗಳ ಗತಿಯೂ ಹೀಗೆಯೇ. ಗುಬ್ಬಿಯ ಕಡೆಯ ಒಬ್ಬ ರೈತನು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅವನ ಮಿದುಳಿಗೆ ಏನೂ ಆಗಿಲ್ಲ. ಅವನ ಕೈ ಅವನ ನಾಲಗೆಯನ್ನು ಅನುಸರಿಸಿದೆ. ಹತ್ತು ಶಬ್ದಗಳ ಪಟ್ಟಿಯಲ್ಲಿ ಹಕಾರದ ಒಂದು, ಮಹಾಪ್ರಾಣದ ಮೂರು ಶಬ್ದಗಳಿದ್ದರೆ, ರೋಗವಿಲ್ಲದೆಯೇ ನಾಲ್ಕು ತಪ್ಪುಗಳಾಗಿ, ಅವನು ರೋಗಿಯೆನಿಸುವನು. ೞಕಾರದ ಪಟ್ಟಿಯ ವಿಷಯದಲ್ಲಿ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಮೂರನೆಯದು ಸೂಕ್ಷ್ಮವಾದುದು. ಶಾಲೆಯ ಪರೀಕ್ಷೆಯನ್ನು ಮೊಟಕುಮಾಡುವವರು ಎಲ್ಲರೂ ತಪ್ಪಿಲ್ಲದೆ ಬರೆಯುವ ಸುಲಭ ಶಬ್ದಗಳನ್ನು ಮೊದಲು ತೆಗೆದುಹಾಕುತ್ತಾರೆ. ಬಾಲಕರಲ್ಲಿ ಮೇಲು ಕೀಳನ್ನು ತಿಳಿಸದ ಶಬ್ದದಿಂದ ಅವರಿಗೆ ಪ್ರಯೋಜನವಿಲ್ಲ. ವೈದ್ಯಶಾಲೆಯಲ್ಲಾದರೋ ಇದಕ್ಕೆ ವಿರುದ್ಧ. ಐವತ್ತು ವರ್ಷ ಲೆಕ್ಕ ಬರೆದ ಅಂಗಡಿಕಾರನು ‘ಅಕ್ಕಿ’ ಎಂಬ ಶಬ್ದವನ್ನು ತಪ್ಪಿ ಬರೆದರೆ ಅದೊಂದೇ ತಪ್ಪು ಕಠಿನ ಶಬ್ದಗಳ ಹತ್ತು ತಪ್ಪುಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ. ಆರೋಗ್ಯವಂತರ ಅಂಕಗಳನ್ನು ಮಾತ್ರ ನೋಡಿ ಶಬ್ದಗಳನ್ನು ಕತ್ತರಿಸಿದರೆ, ರೋಗಿಗೆ ಬೇಕಾದ ಶಬ್ದವೇ ಕಸದ ಬುಟ್ಟಿಗೆ ಹೋಗುವುದು.

ನಾಲ್ಕನೆಯದು, ಪರೀಕ್ಷಕರು ತಮ್ಮನ್ನು ತಾವೇ ವಂಚಿಸಿಕೊಳ್ಳುವ ಬಗೆ. ಉದ್ದವಾದ ಪರೀಕ್ಷೆಯನ್ನು ಒಮ್ಮೆ ನಡೆಸಿ, ಅದೇ ಉತ್ತರಪತ್ರಿಕೆಯಿಂದ ಹತ್ತು ಶಬ್ದಗಳನ್ನು ಹೆಕ್ಕಿ, ಎರಡರ ಅಂಕಗಳೂ ಹೊಂದುತ್ತವೆಂದು ಸಂತೋಷಪಡುವುದುಂಟು. ಭಾಗವು ತನ್ನ ಪೂರ್ಣದೊಡನೆ ಹೊಂದುವುದರಲ್ಲಿ ಆಶ್ಚರ್ಯವೇನಿದೆ? ಹತ್ತು ಶಬ್ದಗಳನ್ನೇ ಪ್ರತ್ಯೇಕವಾಗಿ, ಹೊಸ ಜನರಿಗೆ, ಬೇರೊಂದು ದಿನ ಬರೆಯಿಸಿ ನೋಡಿದಾಗ ಮಾತ್ರ ಅದರ ಪ್ರಾಮಾಣ್ಯವು ನಿಶ್ಚಯವಾಗುವುದು.

ಈ ವಿಚಾರವು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿತು. ನಿರ್ದಿಷ್ಟ ಕಲಿಕಾ ತೊಡಕು ಅವುಗಳಲ್ಲೊಂದು. ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಅದರ ನಿರ್ಣಯಕ್ಕೆ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷಾಮಾಲೆಯನ್ನು ಹೆಸರಿಸಿತು. ಆ ಮಾಲೆಯಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಶಬ್ದಗಳ ಶುದ್ಧಲೇಖನವೂ ಸೇರಿದೆ. ಹೀಗಾಗಿ ಉಕ್ತಲೇಖನದ ಕೆಲವು ಶಬ್ದಗಳು ಒಂದು ಮಗುವಿಗೆ ಪ್ರಮಾಣಪತ್ರವನ್ನೂ ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನೂ ದೊರಕಿಸಬಹುದು, ಇಲ್ಲವೆ ತಪ್ಪಿಸಬಹುದು. ತೊಡಕುಳ್ಳ ಮಗುವನ್ನು ಸೋಮಾರಿಯೆಂದು ದಂಡಿಸುವುದೂ, ತೊಡಕಿಲ್ಲದ ಹಳ್ಳಿಯ ಮಗುವಿಗೆ ರೋಗದ ಹೆಸರನ್ನು ಅಂಟಿಸುವುದೂ ಎರಡೂ ಅನ್ಯಾಯವೇ.

ಸಂಕ್ಷೇಪವನ್ನು ತ್ಯಜಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಕುಣಿಗಲಿನಿಂದ ಮುಂಜಾನೆಯ ಬಸ್ಸು ಹಿಡಿದು ಬೆಂಗಳೂರಿನ ಆಸ್ಪತ್ರೆಯ ಸಾಲಿನಲ್ಲಿ ಕಾದು ಕುಳಿತ ವೃದ್ಧನಿಂದ ನಲವತ್ತು ಶಬ್ದಗಳನ್ನು ಬರೆಯಿಸುವುದು ಹಿಂಸೆ. ಚಿಕ್ಕ ಪಟ್ಟಿಯಿಂದ ಜರಡಿ ಹಿಡಿದು, ಸಂಶಯ ಬಂದವರನ್ನು ಮಾತ್ರ ದೊಡ್ಡ ಪಟ್ಟಿಯಿಂದ ಪರೀಕ್ಷಿಸುವುದು ಯುಕ್ತವಾದ ಕ್ರಮ. ಆದರೆ ಆ ಚಿಕ್ಕ ಪಟ್ಟಿಯು ಇಂಗ್ಲಿಷ್ ಪಟ್ಟಿಯ ಭಾಷಾಂತರವಾಗಿರಬಾರದು. ಕನ್ನಡ ಲಿಪಿಯ ಕಷ್ಟಗಳನ್ನೆಲ್ಲ ಮುಟ್ಟುವಂತಿರಬೇಕು. ಸುಲಭವಾದ ಶಬ್ದಗಳನ್ನೂ ಉಳಿಸಿಕೊಂಡಿರಬೇಕು. ಅಂಕವನ್ನು ಕೊಡುವಾಗ ಸೀಮೆಯ ನುಡಿಯಿಂದ ಬಂದ ತಪ್ಪನ್ನೂ ವ್ಯಾಧಿಯಿಂದ ಬಂದ ತಪ್ಪನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಈ ಕೆಲಸದಲ್ಲಿ ವೈದ್ಯನಿಗೂ ಗಣಿತಜ್ಞನಿಗೂ ಜೊತೆಯಾಗಿ, ಊರೂರಿನ ಮಕ್ಕಳು ಎಲ್ಲೆಲ್ಲಿ ತಪ್ಪುತ್ತಾರೆಂಬುದನ್ನು ದಿನದಿನವೂ ಸ್ಲೇಟಿನ ಮೇಲೆ ನೋಡುವ ಹಳ್ಳಿಯ ಉಪಾಧ್ಯಾಯನಿಗೂ ಸ್ಥಾನವಿರಬೇಕು.